ಗೌರಕ್ಕನ ಮೊಂಡು ಮಚ್ಚು

ಬೆಳಿಗ್ಗೆಯಿಂದ ನನ್ನ ಕಾಫಿ ಮೂರು ಸಲ ಆರಿದೆ. ನಡುಮನೆಯ ನೆಲದ ಮೇಲೆ ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಒಂದು ವಸ್ತು ಮಲಗಿದೆ, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿದೆ. ಒಳಗಿರುವುದೇನೆಂದು ನನಗೆ ಗೊತ್ತು, ಅದಕ್ಕೇ ಇನ್ನೂ ಬಿಚ್ಚಿಲ್ಲ. ಸ್ವಲ್ಪ ತಡೆಯಿರಿ, ಹಿಂದಿನದನ್ನು ಮೊದಲು ಹೇಳಿಬಿಡುತ್ತೇನೆ.

ನನಗೆ ಕತ್ತಿ ಕೂಡಿಡುವ ಹುಚ್ಚು. ಬೇರೆ ಹೆಂಗಸರು ಸೀರೆ ಅಂಗಡಿಯ ಮುಂದೆ ನಿಂತರೆ ನಾನು ಕುಲುಮೆಯ ಮುಂದೆ ನಿಲ್ಲುವವಳು. ತಿಪಟೂರಿನ ನಮ್ಮ ಮನೆಯಲ್ಲಿ ಅಜ್ಜಿಯ ಈಳಿಗೆಮಣೆ ಇದೆ, ಕೆಂಕೆರೆಯ ಕುಡುಗೋಲಿದೆ, ಗಿಳಿ ಕೆತ್ತಿದ ಅಡಿಕೆ ಕತ್ತರಿ ಇದೆ. ಬೋರನಕಣಿವೆ ಅಣೆಕಟ್ಟು ನೋಡಲು ಹೋದವಳು ಅಷ್ಟು ನೀರಿಗೆ ಬೆನ್ನು ಹಾಕಿ, ಎಳನೀರಿನವನ ಮಚ್ಚನ್ನೇ ಅರ್ಧ ಗಂಟೆ ನೋಡುತ್ತಾ ನಿಂತಿದ್ದೆ. ಆತ ಹೆದರಿ ಇನ್ನೊಂದು ಎಳನೀರು ಬಿಟ್ಟಿ ಕೊಟ್ಟ. "ನಿನ್ ಜೊತೆ ಜಗಳ ಆಡೋಕೂ ಯೋಚ್ನೆ ಮಾಡ್ಬೇಕು ಕಣೇ" ಎನ್ನುತ್ತಾರೆ ನಮ್ಮ ಯಜಮಾನರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಮಕ್ಕಳಿಗೂ ಈ ಸಂಗತಿ ಗೊತ್ತಿರುವುದು ಒಳ್ಳೆಯದೇ ಆಗಿದೆ.

ಆದರೆ ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟದ್ದು ಗೌರಕ್ಕನ ಮಚ್ಚಿಗೆ. ಗೌರಕ್ಕ ವರ್ಷಕ್ಕೊಮ್ಮೆ ನಮ್ಮ ಮನೆಗೆ ಕೊಬ್ಬರಿ ಒಡೆಯಲು ಬರುತ್ತಿದ್ದಳು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪು ಒಡೆದು ಒಳಗಿನ ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯಬೇಕು. ಒಂದು ಕಚ್ಚು ಬಿದ್ದರೂ ಅದನ್ನು ಕೊಳ್ಳುವವರಿಲ್ಲ. ಅವಳು ಟಕ್ ಟಕ್ ಎಂದು ಸುತ್ತಲೂ ತಟ್ಟಿದರೆ ಸಾಕು, ಚಿಪ್ಪು ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಆ ಮಚ್ಚಿನ ಹಲಸಿನ ಹಿಡಿಯಲ್ಲಿ ಅವಳ ನಾಲ್ಕು ಬೆರಳಿನ ಗುಳಿ ಬಿದ್ದಿತ್ತು. ಆ ಗುಳಿಗಳಿಗೆ ನಾನು ಸೋತುಹೋದೆ.

"ನಂಗ್ ಕೊಡು ಗೌರಕ್ಕ, ಹೊಸದು ಮಾಡಿಸ್ಕೊಡ್ತೀನಿ" ಅಂದೆ, ಒಂದು ವರ್ಷ ಬಂದಾಗ.

"ಗ್ವಾಡೆಗ್ ನೇತಾಕಕ್ಕಾ? ಕೆಲ್ಸ ಇಲ್ದೆ ಕುಂತ್ರೆ ಮನುಸ್ರಿಗೇ ತುಕ್ಕಿಡೀತದೆ, ಬುಡವ್ವ" ಅಂದಳು.

ಕೊಡದಿದ್ದರೆ ಬೇಡ, ಒಂದು ಉಪಕಾರವಾದರೂ ಮಾಡೋಣವೆಂದುಕೊಂಡೆ. ಅವತ್ತು ಅವಳು ಊಟಕ್ಕೆ ಕೂತಾಗ ಬೀದಿಗೆ ಸಾಣೆಯವನು ಬಂದ. ಮಚ್ಚು ನೋಡಿದರೆ ಪೂರಾ ಮೊಂಡು. ಓಡಿಹೋಗಿ ಕೊಟ್ಟೆ. ಕಿಡಿ ಹಾರುವುದನ್ನು ನೋಡುತ್ತಾ ನನಗೆ ಕುಣಿಯುವಷ್ಟು ಖುಷಿ. ಫಳಫಳ ಹೊಳೆಯುವ ಮಚ್ಚನ್ನು ತಂದು ಇದ್ದ ಜಾಗದಲ್ಲೇ ಇಟ್ಟೆ.

ಊಟ ಮುಗಿಸಿ ಬಂದವಳು ಮೊದಲ ಕಾಯಿಗೆ ತಟ್ಟಿದಳು. ಚಿಪ್ಪಿನ ಜೊತೆ ಕೊಬ್ಬರಿಯೂ ಸೀಳಿತು. ಎರಡನೆಯದೂ ಹಾಗೇ. ಮಚ್ಚಿನ ಬಾಯಿಗೆ ಹೆಬ್ಬೆರಳು ತಾಗಿಸಿ ನೋಡಿ, ನನ್ನ ಕಡೆ ತಿರುಗಿದಳು.

"ಕೊಬ್ರಿ ಮಚ್ಚು ಮೊಂಡಾಗೇ ಇರ್ಬೇಕು ಕಣವ್ವ. ಚಿಪ್ಪು ಬಿರೀಬೇಕು, ಒಳಗಿರಾದಕ್ಕೆ ಗೊತ್ತಾಗ್ಬಾರ್ದು."

ಅಷ್ಟೊಂದು ಕತ್ತಿಗಳ ಒಡತಿಗೆ ಇಷ್ಟು ತಿಳಿದಿರಲಿಲ್ಲ ನೋಡಿ. ಮುಖ ಚಿಕ್ಕದು ಮಾಡಿಕೊಂಡು, ಮಚ್ಚು ತೆಗೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ ಮೊಂಡು ಮಾಡಿದೆ. ಆ ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಅದನ್ನು ಅವಳ ಕೈಗೇ ಕೊಟ್ಟೆ. ನಮ್ಮ ಮನೆಗಳಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಮನಸ್ತಾಪ ಬರುತ್ತದೆಂದು. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಗೌರಕ್ಕ ತೆಗೆದುಕೊಂಡು ಮುಂದಿನ ಕಾಯಿಗೆ ಕೈ ಹಾಕಿದಳು. ಮರುವರ್ಷ ಹೇಳಿ ಕಳಿಸಿದರೆ ಬರಲಿಲ್ಲ. ಮಗನ ಜೊತೆ ನೊಣವಿನಕೆರೆಗೆ ಹೋದಳೆಂದು ಯಾರೋ ಹೇಳಿದರು. ಗಣಿತದವಳಾದ ನಾನು ಶಕುನ ನಂಬುವುದಿಲ್ಲ. ಆದರೂ ನನ್ನಿಂದಲೇ ಅವಳು ದೂರವಾದಳೆಂಬ ಕೊರಗು ಹನ್ನೆರಡು ವರ್ಷ ಬಿಡಲಿಲ್ಲ, ಹೋಗಿ ಮಾತಾಡಿಸುವ ಧೈರ್ಯವೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಅವಳ ಸೊಸೆ ಬಂದು ಈ ಗೋಣಿ ಸುತ್ತನ್ನು ನೆಲದ ಮೇಲಿಟ್ಟಳು.

"ಅತ್ತೆಗೆ ಈಗ ಕೈಲಿ ಸಕ್ತಿ ಇಲ್ಲ ಕಣ್ರೀ. ಮೇಡಮ್ಮೋರ್ಗೆ ಕೊಟ್ಬಾ, ಕೈಗ್ ಮಾತ್ರ ಕೊಡ್ಬ್ಯಾಡ ಅಂದ್ರು. ಸಾಣೆ ಇಡಿಸ್ಬ್ಯಾಡಿ ಅಂತಾನೂ ಹೇಳು ಅಂದ್ರು. ಅದ್ನ ನೆನೆಸ್ಕಂಡು ಈಗ್ಲೂ ನಗ್ತಾ ಇರ್ತಾರೆ."

ಹನ್ನೆರಡು ವರ್ಷ ನಾನು ಕೊರಗಿದ್ದನ್ನು ಅವಳು ನಕ್ಕು ಕಳೆದಿದ್ದಾಳೆ!

ಬಿಚ್ಚಿದ್ದಾಯಿತು. ಅದೇ ಹಿಡಿ, ಅದೇ ನಾಲ್ಕು ಗುಳಿ, ನನ್ನ ಬೆರಳು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಇದನ್ನು ಕೇಳಿದ ವರ್ಷವೇ ಆಸೆಯಿಂದ ಗೋಡೆಗೆ ಹೊಡೆದಿಟ್ಟ ಮೊಳೆ ಅಂದಿನಿಂದ ಖಾಲಿ ಇದೆ, ಇನ್ನು ಮುಂದೆಯೂ ಖಾಲಿಯೇ ಇರಲಿ. ಅಟ್ಟದಿಂದ ನಾಲ್ಕು ಕಾಯಿ ಇಳಿಸಿ ಕೂತೆ. ಮೂರು ಹಾಳಾದವು. ನಾಲ್ಕನೆಯದರ ಚಿಪ್ಪು ಬಿರಿದು ಕೊಬ್ಬರಿ ಇಡಿಯಾಗಿ ಹೊರಗೆ ಬಂತು, ಒಂದೇ ಒಂದು ಕಚ್ಚಿಲ್ಲ.

ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ನೊಣವಿನಕೆರೆ ಬಸ್ಸಿಗೆ ಹೊರಟಿದ್ದೇನೆ. ಕೊಬ್ಬರಿಯನ್ನು ಕೈಯಿಂದ ಕೈಗೆ ಕೊಡಬಾರದೆಂದು ಯಾರೂ ಹೇಳಿಲ್ಲವಲ್ಲ.