ಗಾಜಿಗೆ ಅಂಟಿಸಿದ ಜೆರಾಕ್ಸ್

ಕಾಟ್ಟಿಕುಳಂ ಬಸ್‌ಸ್ಟಾಪಿನೆದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಯಜಮಾನರಿಗೆ ಬ್ಯಾಂಕಿನ ಯಂತ್ರ ಕೊಡುವ ರಸೀದಿ ಕಂಡರೆ ಆಗುತ್ತಿರಲಿಲ್ಲ. ನಾನು ಕಂತು ಕಟ್ಟಿ ಬಂದಾಗಲೆಲ್ಲ ರಸೀದಿ ಇಸಿದುಕೊಂಡು, ತಮ್ಮ ನುಡಿಯಲ್ಲಿ ಮಗಳೆಂದು ಕರೆದು, "ಮಾಸಿ ಹೋಗೋ ಕಾಗದ ಮೋಳೇ, ಒಂದು ಕಾಪಿ ಇರ್ಲಿ" ಎನ್ನುತ್ತ, ಕೇಳದೆಯೇ ಎರಡು ತೆಗೆದು, ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ತಮ್ಮ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಕಾಸು ಕೀಳುವ ಉಪಾಯವೆಂದು ನಾನು ಸಿಡುಕುತ್ತಿದ್ದೆ.

ನನ್ನ ನರ್ಸಿಂಗ್ ಓದಿನ ಸಾಲಕ್ಕೆ ಕಟ್ಟಿದ್ದ ಮೂರು ಕಂತುಗಳನ್ನು ಬ್ಯಾಂಕು ತಪ್ಪಾಗಿ ಮತ್ತೊಮ್ಮೆ ವಸೂಲಿ ಮಾಡಿತು. ಅವರು ಕೊಟ್ಟ ಪ್ರತಿಗಳನ್ನು ನಾನು ಎಂದೋ ಎಸೆದಿದ್ದೆ; ಮನೆಯಲ್ಲಿದ್ದ ರಸೀದಿಗಳೆಲ್ಲ ಅಕ್ಷರ ಮಾಸಿ ಬಿಳಿ ಹಾಳೆಯಾಗಿದ್ದವು. ಅಳುಮುಖ ಮಾಡಿಕೊಂಡು ಅಂಗಡಿಗೆ ಹೋದರೆ ಅವರು ಡಬ್ಬಿ ತೆರೆದರು. ಮೂರರ ಪ್ರತಿಯೂ ಇತ್ತು.

ಹಣ ಮರಳಿದ ದಿನ ತಪ್ಪೊಪ್ಪಿ ಬರೆದ ಬ್ಯಾಂಕಿನ ಪತ್ರವನ್ನು ಅವರಿಗೆ ತೋರಿಸಿದೆ. ನನ್ನ ಹೆಸರು ಕಾಣದಂತೆ ಅದರ ಮೇಲೆ ಚೀಟಿಯಿಟ್ಟು ಪ್ರತಿ ತೆಗೆದು, ಅಂಗಡಿಯ ಗಾಜಿಗೆ ಅಂಟಿಸಿದರು.

"ಕೇಳಿದ್ರೆ ವಾಪಸ್ ಕೊಡ್ತಾರೆ ಅಂತ ಬೇರೆ ಮಕ್ಕಳಿಗೂ ಗೊತ್ತಾಗ್ಲಿ."