ತಮ್ಮನ ಚಿಟ್ಟೆಗಳು

ನನ್ನ ತಮ್ಮನಿಗೆ ಐವತ್ತಾರನೇ ವಯಸ್ಸಿನಲ್ಲಿ ಹಾಬಿ ಬಂತು. ಆ ವಯಸ್ಸಿಗೆ ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಇವನಿಗೆ ಅದು ಮೊದಲೇ ಬಂದಿತ್ತು, ಹಾಬಿ ಆಮೇಲೆ ಬಂತು. ನಮ್ಮ ಮನೆತನದಲ್ಲಿ ಅದುವರೆಗೆ ಯಾರಿಗೂ ಹಾಬಿ ಇರಲಿಲ್ಲ. ನಮ್ಮಪ್ಪ ಹೊರಮಾವಿನಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಬಿಡುವು ಸಿಕ್ಕಿದರೆ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು, ಅದಕ್ಕೊಂದು ಇಂಗ್ಲಿಷ್ ಹೆಸರು ಬೇಕು ಅಂತ ಅವರಿಗೆ ಅನ್ನಿಸಿರಲಿಲ್ಲ.

ಆ ಸೊಪ್ಪಿನ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ತಮ್ಮನ ಪಾಲಿಗೆ ಬಾಡಿಗೆ ಮನೆಗಳು ಬಂದವು, ಜೊತೆಗೆ ಕೆ.ಆರ್. ಪುರ ದಾಟಿ ಒಳಗೆ ಹೋದರೆ ಸಿಗುವ ಹದಿನಾಲ್ಕು ಗುಂಟೆ ಜಮೀನು. ಅದರಲ್ಲಿ ಅವನೊಂದು ಹೆಂಚಿನ ಮನೆ ಕಟ್ಟಿಸಿದ. ಪಡಸಾಲೆಯಲ್ಲಿ ಉಯ್ಯಾಲೆ, ಬಚ್ಚಲಲ್ಲಿ ಸೌದೆ ಒಲೆಯ ಮೇಲೆ ತಾಮ್ರದ ಹಂಡೆ. ಗೀಸರ್ ಇರುವವನಿಗೆ ಹಂಡೆ ಯಾಕೆ ಎಂದು ಕೇಳಿದರೆ, ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ ಎಂದ. ಅವನು ಅದನ್ನು ಫಾರ್ಮ್ ಹೌಸ್ ಎನ್ನುತ್ತಾನೆ. ನಾನು ತೋಟ ಎನ್ನುತ್ತೇನೆ. ಅವನ ಹೆಂಡತಿ ಏನೂ ಅನ್ನುವುದಿಲ್ಲ, ಏಕೆಂದರೆ ಮೊದಲ ದಿನವೇ ಒಂದು ಹಾವುರಾಣಿ ಅವಳ ಕಾಲಿನ ಮೇಲೆ ಹರಿದುಹೋಗಿ, ಅವಳು ಆ ಕಡೆಗೆ ತಲೆ ಹಾಕಿ ಮಲಗುವುದನ್ನೂ ಬಿಟ್ಟಳು. ಹಾಗಾಗಿ ಶನಿವಾರ ಭಾನುವಾರ ಅವನಿಗೆ ಮುದ್ದೆ ತಿರುವಿ ಸಾರು ಮಾಡಿಡಲು ಅಕ್ಕನಾದ ನಾನು ಬೇಕಾದೆ. ದೊಮ್ಮಲೂರಿನ ನನ್ನ ಮನೆಯ ಕಿಟಕಿ ತೆಗೆದರೆ ಫ್ಲೈಓವರ್ ಕಾಣುತ್ತದೆ. ತೋಟಕ್ಕೆ ಹೋಗುವುದು ನನಗೆ ಇಷ್ಟವೇ ಇತ್ತು. ಅದನ್ನು ಅವನಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತಾನೆಂದು ಹೇಳಿರಲಿಲ್ಲ.

ಹಾಬಿ ಪಕ್ಕದ ಗೋಡೆಯಾಚೆಯಿಂದ ಬಂತು. ಅಲ್ಲಿ ವಿಲ್ಲಾಗಳ ಲೇಔಟ್ ಇದೆ. ಗೇಟಿನಲ್ಲಿ ಸೆಕ್ಯೂರಿಟಿ, ಒಳಗೆ ನಾಯಿಗಳನ್ನು ಕರೆದುಕೊಂಡು ಓಡಾಡುವ ಜನ, ಆ ಜನರಲ್ಲೊಂದು ಪ್ರಕೃತಿ ಪ್ರೇಮಿಗಳ ಗುಂಪು. ಗುಂಪಿಗೆ ಒಬ್ಬ ಮೇಡಂ ಮುಖಂಡೆ. ಹನ್ನೆರಡು ಜೇಬಿನ ಪ್ಯಾಂಟು, ಕೊರಳಲ್ಲಿ ದುರ್ಬೀನು, ಹುಲ್ಲಿನ ಟೋಪಿ. ಆಸ್ಪತ್ರೆಯಲ್ಲಿ ಯಾರೋ ಮಲಗಿದ್ದಾರೇನೋ ಎಂಬಂತೆ ಪಿಸುಗುಟ್ಟಿ ಮಾತಾಡುತ್ತಿದ್ದಳು. ನಮ್ಮ ಒಣಗಿದ ನುಗ್ಗೆ ಮರದ ಮೇಲೆ ಯಾವುದೋ ಹಕ್ಕಿ ಕೂತಿದೆ, ಒಳಗೆ ಬಂದು ನೋಡಬಹುದೇ ಎಂದು ಒಂದು ಬೆಳಿಗ್ಗೆ ಕೇಳಿದಳು. ಯಾರೇ ಬಂದರೂ ಯಾರ ಮಗ, ಯಾವ ಊರು ಎಂದು ವಿಚಾರಿಸದೆ ಗೇಟು ತೆಗೆಯದ ನನ್ನ ತಮ್ಮ ಅವತ್ತು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿಹೋಗಿ ತೆಗೆದ.

ಅಲ್ಲಿಂದ ಶುರುವಾಯಿತು. ಹಕ್ಕಿಗಳು ಸ್ನಾನ ಮಾಡಲೆಂದು ಸಿಮೆಂಟಿನ ತೊಟ್ಟಿ ತಂದಿಟ್ಟ. ಅದರಲ್ಲಿ ಕಾಗೆಯೊಂದು ಸತ್ತ ಇಲಿಯ ತುಂಡನ್ನು ನೆನೆಹಾಕಿ ತಿಂದು ಹೋಯಿತು. ಗುಬ್ಬಚ್ಚಿಗೆಂದು ಮರದ ಪೆಟ್ಟಿಗೆ ನೇತುಹಾಕಿದ, ಕಣಜಗಳು ಬಂದು ಗೂಡು ಕಟ್ಟಿದವು. ನವಣೆ ಸುರಿದಿಟ್ಟರೆ ಹೆಗ್ಗಣಗಳಿಗೆ ಹಬ್ಬ. ನವಿಲುಗಳು ಬಂದು ನಾನು ಹಾಕಿದ ಮೆಂತ್ಯದ ಮೊಳಕೆಯನ್ನೆಲ್ಲ ಕಿತ್ತು ತಿನ್ನುವಾಗ ಈ ಮಹಾಶಯ ಪಡವಲಕಾಯಿಯಷ್ಟು ಉದ್ದದ ಕ್ಯಾಮೆರಾ ಹಿಡಿದು ಅವುಗಳ ಮುಂದೆ ಮಂಡಿಯೂರಿದ್ದ. ನಮ್ಮಪ್ಪ ಆಗಿದ್ದರೆ ಕಲ್ಲು ಹುಡುಕುತ್ತಿದ್ದರು. ಮುಂಗುಸಿ ಎಷ್ಟು ಗಂಟೆಗೆ ಬೇಲಿ ದಾಟಿತು, ಓತಿಕೇತ ಎಷ್ಟು ಹೊತ್ತು ಬಿಸಿಲು ಕಾಯಿಸಿತು ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಚಿಕ್ಕಂದಿನಲ್ಲಿ ಕವಣೆ ಹಿಡಿದು ಹೊರಮಾವಿನ ಅರ್ಧ ಪಿಕಳಾರಗಳನ್ನು ಹೊಡೆದು ಕೆಡವಿದವನು ಇವನೇ. ಈಗ ಪಿಕಳಾರ ಎಂದರೆ ಅವನಿಗೆ ತಿಳಿಯುವುದಿಲ್ಲ, ಇಂಗ್ಲಿಷ್ ಹೆಸರು ಹೇಳಬೇಕು.

ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆ. ಬಾಯಿಬಿಟ್ಟು ನಗುತ್ತಿರಲಿಲ್ಲ. ಮೂಗಿನಲ್ಲಿ ಒಂದು ಉಸಿರು ಬಿಟ್ಟು ತುಟಿಯ ಒಂದು ಕೊನೆ ಎತ್ತುತ್ತಿದ್ದೆ, ಅವನಿಗೆ ಕಾಣಲಿ ಎಂದೇ. ಅವನು ಕಂಡರೂ ಕಾಣದವನಂತೆ ಕ್ಯಾಮೆರಾ ಒರೆಸುತ್ತಿದ್ದ.

ಮೂರನೇ ವರ್ಷಕ್ಕೆ ಹಕ್ಕಿಗಳ ಹುಚ್ಚು ಚಿಟ್ಟೆಗೆ ತಿರುಗಿತು. ಮೇಡಂ ಹೇಳಿದಳಂತೆ, ಚಿಟ್ಟೆ ಬೇಕಾದರೆ ಇಂಥಿಂಥ ಗಿಡ ಹಾಕಿ ಎಂದು. ನರ್ಸರಿಯಿಂದ ಹನ್ನೆರಡು ಕರಿಬೇವು, ನಾಲ್ಕು ನಿಂಬೆ ತಂದು ಹಿತ್ತಲಲ್ಲಿ ಸಾಲಾಗಿ ನೆಟ್ಟ. ಇಬ್ಬರ ಮನೆಗೆ ಹನ್ನೆರಡು ಕರಿಬೇವಿನ ಗಿಡ ಯಾಕೆ ಎಂದು ನಾನು ಕೇಳಲೂ ಇಲ್ಲ, ಉತ್ತರ ಕೇಳುವ ತಾಳ್ಮೆ ಇರಲಿಲ್ಲ. ನಾನು ಹುರುಳಿಕಾಯಿ ಹೆಚ್ಚುವಾಗ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ, ಫೋನಿನಲ್ಲಿ ಏನೋ ತೋರಿಸುತ್ತ, ಮೊಟ್ಟೆ, ಎಲೆ, ಹದಿನೈದು ದಿನ, ಮುಟ್ಟಬಾರದು ಎಂದೇನೇನೋ ಹೇಳುತ್ತಿದ್ದ. ನಾನು ಹೂಂ ಹೂಂ ಎನ್ನುತ್ತಿದ್ದೆ. ನನ್ನ ಗಮನ ಈಳಿಗೆಮಣೆಯ ಮೇಲಿತ್ತು.

ಒಂದು ಶುಕ್ರವಾರ ಅವನು ನನ್ನನ್ನು ದೊಮ್ಮಲೂರಿನಿಂದ ಒಂದು ದಿನ ಮೊದಲೇ ಕರೆದುಕೊಂಡು ಹೋದ. ಆ ಭಾನುವಾರ ಮೇಡಂ ಗುಂಪಿನವರು ಇಪ್ಪತ್ತು ಜನ ನಮ್ಮ ತೋಟಕ್ಕೆ ಬರುವವರಿದ್ದರು. ಬರಿ ಬರುವುದಲ್ಲ, ಚಿಟ್ಟೆಯ ಬಗ್ಗೆ ಇವನೇ ಅವರಿಗೆಲ್ಲ ವಿವರಿಸಬೇಕಂತೆ. ಹೊಸ ಶರ್ಟು ತಂದಿದ್ದ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಇಂಗ್ಲಿಷಿನಲ್ಲಿ ಭಾಷಣ ಅಭ್ಯಾಸ ಮಾಡುವುದು ನನಗೆ ಕೇಳಿಸಿತು. ಹೊರಗೆ ಬಂದಾಗ ನಾನು ಎಂದಿನ ನಗೆ ನಕ್ಕೆ. ಅವತ್ತು ಅವನು ಕ್ಯಾಮೆರಾ ಒರೆಸಲಿಲ್ಲ.

“ಅಕ್ಕ, ಅವ್ರೆಲ್ಲಾ ಓದಿದೋರು. ನಾನು ಎಸ್ಸೆಸ್ಸೆಲ್ಸಿ ಫೇಲು. ಬಾಡಿಗೆ ತಿನ್ನೋನು ಅಂತಾನೇ ಎಲ್ರೂ ತಿಳ್ಕೊಂಡಿರೋದು,” ಎಂದ. “ಇದೊಂದ್ರಲ್ಲಿ ನಂಗೂ ಏನೋ ಗೊತ್ತು ಅಂತ ಭಾನುವಾರ ತೋರಿಸ್ಬೇಕು.”

ಆ ಮಾತಿಗೆ ನಾನು ನಗಲಿಲ್ಲ. ಪಾಪ ಅನ್ನಿಸಿತು. ಆ ಟೋಪಿಯವಳ ಮುಂದೆ ನನ್ನ ತಮ್ಮನ ಮರ್ಯಾದೆ ಹೋಗಬಾರದು ಎಂದುಕೊಂಡೆ. ಮಾರನೇ ದಿನ ಅವನು ಕುರ್ಚಿ ಬಾಡಿಗೆಗೆ ಹೇಳಿ, ಹಲಸೂರಿನಿಂದ ಸಿಹಿ ತರುತ್ತೇನೆಂದು ಹೋದ ಮೇಲೆ ನಾನು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತೆ. ಅಂಗಳ ಗುಡಿಸಿ ಸಗಣಿ ಸಾರಿಸಿದೆ. ಆ ಸಿಮೆಂಟ್ ತೊಟ್ಟಿ ಉಜ್ಜಿದೆ. ಹಿತ್ತಲಿಗೆ ಬಂದೆ. ಕರಿಬೇವಿನ ಸಾಲು ನೋಡಿ ನನಗೆ ಮೈಯುರಿಯಿತು.

ಎಲೆಗಳೆಲ್ಲ ತೂತು. ಕೆಲವು ಕಡೆ ನಡುನರ ಮಾತ್ರ ಉಳಿದಿತ್ತು. ಹಕ್ಕಿ ಹಿಕ್ಕೆಯಂತೆ ಕಾಣುವ ಸಣ್ಣ ಹುಳಗಳು, ಕಿರುಬೆರಳಿನಷ್ಟು ದಪ್ಪದ ಹಸಿರು ಹುಳಗಳು. ನಿಂಬೆ ಗಿಡದ್ದೂ ಅದೇ ಗತಿ. ನಾಳೆ ಇಪ್ಪತ್ತು ಜನ ಬಂದು ಇದನ್ನು ನೋಡಬೇಕಲ್ಲ.

ತೂತು ಬಿದ್ದ ಎಲೆ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಹುಡುಗಿಯಾಗಿದ್ದಾಗ ಅಮ್ಮನ ಜೊತೆ ಸೊಪ್ಪಿನ ಕುಕ್ಕೆ ಹೊತ್ತು ಮೊದಲ ಬಸ್ಸಿಗೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮಿಂದ ಸೊಪ್ಪು ಕೊಳ್ಳುವವಳು ಒಬ್ಬ ತಮಿಳಿನ ಹೆಂಗಸು. ಒಂದೊಂದು ಕಟ್ಟನ್ನೂ ತಿರುಗಿಸಿ ನೋಡುತ್ತಿದ್ದಳು. ಒಂದು ಎಲೆಯಲ್ಲಿ ತೂತು ಕಂಡರೆ ಸಾಕು, ಪೂಚಿ, ಅಂದರೆ ಹುಳ, ಎಂದು ಇಡೀ ಕಟ್ಟನ್ನು ಚರಂಡಿಯ ಪಕ್ಕಕ್ಕೆ ಎಸೆಯುತ್ತಿದ್ದಳು. ಅಮ್ಮ ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಿದ್ದರು. ಆಮೇಲೆ ಹೊರಮಾವಿಗೆ ಬಂದು, ಮಾರನೇ ದಿನ ಇಬ್ಬನಿ ಆರುವ ಮೊದಲೇ ಸೊಪ್ಪಿನ ಮಡಿಗಳಿಗೆಲ್ಲ ಒಲೆಯ ಬೂದಿ ಎರಚುತ್ತಿದ್ದೆವು. ಹಸಿ ಎಲೆಗೆ ಬೂದಿ ಅಂಟಿದರೆ ಹುಳ ನಿಲ್ಲುವುದಿಲ್ಲ. ಸೊಪ್ಪಿನವರ ಮನೆಯ ಹಿತ್ತಲಲ್ಲಿ ಹುಳ ಎಂದರೆ ಹುಡುಗಿಯ ತಲೆಯಲ್ಲಿ ಹೇನು ಇದ್ದ ಹಾಗೆ.

ನಾನು ವಾರವಾರ ಉರಿ ಹಾಕುತ್ತಿದ್ದ ಬಚ್ಚಲ ಒಲೆಯಿಂದ ಒಂದು ಮೊರದ ತುಂಬ ಬೂದಿ ತೋಡಿಕೊಂಡು ಬಂದೆ. ಗಿಡಗಳಿಗೆ ಮೊದಲು ನೀರು ಚಿಮುಕಿಸಿದೆ. ದಪ್ಪ ಹುಳಗಳನ್ನು ಕೈಯಲ್ಲೇ ಆರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿದೆ. ಮುಟ್ಟಿದರೆ ತಲೆಯಿಂದ ಕೆಂಪಗೆ ಕವೆಗೋಲಿನಂಥದ್ದೇನೋ ಚಾಚಿ ಹುಳಿ ವಾಸನೆ ಬಿಡುತ್ತಿದ್ದವು. ಕಡ್ಡಿಗಳಿಗೆ ಒಣಗಿದ ಎಲೆ ಚೂರಿನಂತೆ ಅಂಟಿಕೊಂಡಿದ್ದವನ್ನೂ ಕಿತ್ತು ಹಾಕಿದೆ. ಕೊನೆಗೆ ಎಲ್ಲ ಎಲೆಗೂ ಮೇಲೆ ಕೆಳಗೆ ಬೂದಿ ಎರಚಿದೆ. ಸೊಂಟ ನೋಯುತ್ತಿತ್ತು, ಮನಸ್ಸಿಗೆ ಮಾತ್ರ ನೆಮ್ಮದಿ. ಮೂರು ವರ್ಷದಲ್ಲಿ ಆ ತೋಟದಲ್ಲಿ ಯಾರಾದರೂ ಮಾಡಿದ ಮೊದಲ ಉಪಯೋಗದ ಕೆಲಸ ಇದು ಎಂದುಕೊಂಡೆ. ತಮ್ಮ ಬರುವಷ್ಟರಲ್ಲಿ ಕತ್ತಲಾಗಿತ್ತು. ಹೇಳಿ ಹೊಗಳಿಸಿಕೊಳ್ಳುವುದು ಬೇಡ, ನಾಳೆ ತಾನೇ ನೋಡಲಿ ಎಂದು ಸುಮ್ಮನಾದೆ.

ಬೆಳಿಗ್ಗೆ ಅವನು ಸ್ನಾನ ಮಾಡಿದವನೇ ಹೊಸ ಶರ್ಟು ತೊಟ್ಟು ಗೇಟಿನ ಹತ್ತಿರ ಹೋಗಿ ನಿಂತ. ಏಳು ಗಂಟೆಗೆ ಎಲ್ಲರೂ ಬಂದರು. ಇಪ್ಪತ್ತು ಟೋಪಿ, ಇಪ್ಪತ್ತು ನೀರಿನ ಬಾಟಲಿ. ದಾಸವಾಳದ ಗಿಡದಲ್ಲಿ ಸೂರಕ್ಕಿ ಕಂಡಿದ್ದಕ್ಕೆ, ಸೂರಕ್ಕಿಯನ್ನೇ ಕಾಣದವರಂತೆ ಉಸಿರು ಎಳೆದುಕೊಂಡರು. ತಮ್ಮ ಅವರನ್ನು ಹಿತ್ತಲಿಗೆ ಕರೆತಂದ. ನಾನು ಅಡುಗೆಮನೆಯ ಬಾಗಿಲಲ್ಲಿ ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಅವನು ಅಭ್ಯಾಸ ಮಾಡಿದ್ದ ಇಂಗ್ಲಿಷಿನಲ್ಲಿ ಶುರುಮಾಡಿದ, ತಪ್ಪಿಲ್ಲದೆ ನಾಲ್ಕು ವಾಕ್ಯ ಹೇಳಿದ. ಆಮೇಲೆ ತಿರುಗಿ ಗಿಡಕ್ಕೆ ಕೈಚಾಚಿದ.

ಒಂದು ಎಲೆ ಮಗುಚಿ ನೋಡಿದ. ಇನ್ನೊಂದು ನೋಡಿದ. ಮುಂದಿನ ಗಿಡಕ್ಕೆ ಹೋದ. ಬೆರಳಿಗೆ ಅಂಟಿದ ಬೂದಿ ನೋಡಿಕೊಂಡ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

ಹುಳ ಚಿಟ್ಟೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾಲ್ಕನೇ ಕ್ಲಾಸಿನ ಪುಸ್ತಕದಲ್ಲಿ ಚಿತ್ರ ಇತ್ತು. ಆದರೆ ಪುಸ್ತಕದ ಹುಳ ಬೇರೆ, ಸೊಪ್ಪಿನ ಹುಳ ಬೇರೆ ಎಂದೇ ನನ್ನ ತಲೆಯಲ್ಲಿತ್ತು. ಹುರುಳಿಕಾಯಿ ಹೆಚ್ಚುವಾಗ ಅವನು ಬಾಗಿಲಿಗೊರಗಿ ಹೇಳಿದ್ದೆಲ್ಲ ಆಗ ಒಂದೊಂದಾಗಿ ನೆನಪಾಯಿತು. ಮುಟ್ಟಬೇಡ ಎಂದಿದ್ದ. ಎಷ್ಟು ಹುಳ, ಯಾವ ಗಿಡದಲ್ಲಿ ಎಷ್ಟು ದಿನದ್ದು ಎಂದು ಎರಡು ವಾರದಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ನಾನು ಹೂಂ ಎಂದಿದ್ದೆ.

ಮೇಡಂ ಬಗ್ಗಿ ಎಲೆ ಮುಟ್ಟಿ, ಇದೇನು ಪೌಡರ್ ಎಂದು ಕೇಳಿದಳು.

“ಬೂದಿ ಮೇಡಂ. ನಾನೇ ಹಾಕ್ದೆ,” ಎಂದ ತಮ್ಮ. “ಹುಳ ಜಾಸ್ತಿ ಆಗಿತ್ತು. ಹಳೇ ಅಭ್ಯಾಸ ನೋಡಿ, ಮರ್ತು ಹಾಕ್ಬಿಟ್ಟೆ.”

ಒಬ್ಬ ತನ್ನ ಶೂ ನೋಡಿಕೊಂಡ. ಇಬ್ಬರು ಮುಖ ಮುಖ ನೋಡಿಕೊಂಡರು. ಮೇಡಂ ಮೂಗಿನಲ್ಲಿ ಒಂದು ಉಸಿರು ಬಿಟ್ಟು, ತುಟಿಯ ಒಂದು ಕೊನೆ ಎತ್ತಿ ನಕ್ಕಳು. ಅಷ್ಟು ದಿನ ಸರ್ ಎನ್ನುತ್ತಿದ್ದವಳು, ಹಾಲಿನವನಿಗೆ ಹೇಳುವ ಹಾಗೆ, ಪರವಾಗಿಲ್ಲ ಬಿಡಿ ಅಣ್ಣ ಎಂದಳು. ಅವಳ ಆ ನಗೆ ಎಲ್ಲಿಂದ ಬರುತ್ತದೆ, ಅದರ ಅರ್ಥವೇನು ಎಂದು ಅಲ್ಲಿದ್ದವರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಾಕಿದ್ದು ನಾನು, ಅವನಲ್ಲ ಎಂದು. ತಟ್ಟೆ ಹಿಡಿದು ನಿಂತೇ ಇದ್ದೆ. ಅಷ್ಟು ಜನ ನನ್ನ ಕಡೆ ತಿರುಗಿ ನೋಡುತ್ತಾರಲ್ಲ ಎಂದು ಹೆದರಿದೆ. ಯಾರನ್ನು ನಾನು ಮೂರು ಕಾಸಿಗೆ ಕಡೆಯಾಗಿ ಕಂಡಿದ್ದೆನೋ ಅವರ ಮುಂದೆಯೇ ನನಗೆ ಅಷ್ಟು ಭಯವಾಯಿತು. ಅವರು ಮಜ್ಜಿಗೆ ಕುಡಿದರು, ಚೆನ್ನಾಗಿದೆ ಎಂದರು, ಒಗ್ಗರಣೆಗೆ ಏನು ಹಾಕಿದ್ದೀರಿ ಎಂದು ಕೇಳಿದರು. ಕರಿಬೇವು ಎಂದೆ. ಹತ್ತು ಗಂಟೆಯವರೆಗೆ ಇರಬೇಕಾದವರು ಎಂಟಕ್ಕೆ ಹೊರಟರು. ಹಲಸೂರಿನ ಸಿಹಿಯ ಡಬ್ಬ ಒಡೆಯಲೇ ಇಲ್ಲ.

ತಮ್ಮ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಬೈದಿದ್ದರೆ ನಾನೂ ಬಾಯಿ ಮಾಡಿ, ಹುಳ ಸಾಕುವ ಮುಟ್ಠಾಳ ಎಂದು ಅಂದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಕೊನೆಗೆ ನಾನೇ ಕೇಳಿದೆ.

“ಯಾಕೋ ಹಂಗಂದೆ? ಅಕ್ಕ ಮಾಡಿದ್ಳು ಅಂತ ಹೇಳ್ಬೋದಿತ್ತಲ್ಲ.”

“ಅವ್ರು ನಿನ್ನ ಹಂಗೆ ನೋಡೋದು ಬೇಡ ಅನ್ನಿಸ್ತು ಅಕ್ಕ,” ಎಂದ, ಕುರ್ಚಿಯ ಮೇಲಿನ ಧೂಳು ಕೊಡವುತ್ತ. “ನಂಗೇನು, ಮನೇಲೇ ಅಭ್ಯಾಸ ಆಗಿದೆ.”

ಚುಚ್ಚಲೆಂದು ಹೇಳಿದ ಮಾತಲ್ಲ ಅದು. ಮಳೆ ಬರೋ ಹಾಗಿದೆ ಎನ್ನುವಂತೆ ಹೇಳಿ, ನಾಲ್ಕು ಕುರ್ಚಿ ಎತ್ತಿಕೊಂಡು ಒಳಗೆ ಹೋದ. ನನಗೆ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಡಬೇಕು ಅನ್ನಿಸಿತು. ಅಳಲು ನನಗೆ ಯಾವ ಮುಖವಿತ್ತು? ಉಳಿದ ಕುರ್ಚಿಗಳನ್ನು ನಾನು ಎತ್ತಿಟ್ಟೆ.