ನಮ್ಮವರೇ ಗೆದ್ದ ಮೇಲೆ

ಚುನಾವಣೆಯ ಫಲಿತಾಂಶ ಬಂದ ದಿನ ನಾನು ಮತ್ತು ನನ್ನ ಗೆಳೆಯ ಹಂಪನಕಟ್ಟೆಯಲ್ಲಿರುವ ಅವನ ಮನೆಯವರ ಹೋಟೆಲಿನ ಮಹಡಿಯಲ್ಲಿ ಕೂತು ಟಿವಿ ನೋಡುತ್ತಿದ್ದೆವು. ನಮ್ಮ ಬ್ಲಾಗ್ ಹುಟ್ಟಿದ್ದು ಅದೇ ಕೋಣೆಯಲ್ಲಿ. ಅವನು ಜಮೀನುಳ್ಳ ದೊಡ್ಡ ಗುತ್ತಿನ ಮನೆಯವನು, ಕಾಲೇಜಿನಲ್ಲಿ ನನ್ನ ಸಹಪಾಠಿ. ನಾನು ಕಡಲಿಗೆ ಹೋಗುವವರ ಮನೆಯಿಂದ ಬಂದವಳು, ಈಗ ಅರ್ಥಶಾಸ್ತ್ರ ಕಲಿಸುತ್ತೇನೆ. ಅಧಿಕಾರದಲ್ಲಿದ್ದವರ ವಿರುದ್ಧ ನಾವಿಬ್ಬರೂ ವರ್ಷಗಟ್ಟಲೆ ಬರೆದಿದ್ದೆವು. ಬೈಸಿಕೊಂಡಿದ್ದೆವು, ಪೊಲೀಸ್ ಠಾಣೆಗೂ ಒಮ್ಮೆ ಹೋಗಿ ಬಂದಿದ್ದೆವು. ಅವರು ಸೋತರು. ಅಂದು ಸಂಜೆ ಅವನು ಕೆಳಗಿನಿಂದ ಗಡ್‌ಬಡ್ ಐಸ್‌ಕ್ರೀಮ್ ತರಿಸಿದ. ಇನ್ನು ನಮಗೆ ಬರೆಯಲು ಎಂತ ಉಳಿದಿದೆ ಎಂದು ನಗಾಡಿದೆವು.

ಸ್ವಲ್ಪ ದಿನಗಳಲ್ಲೇ ಅವನಿಗೆ ಪಕ್ಷದ ಪ್ರಚಾರ ವಿಭಾಗದಲ್ಲಿ ಜವಾಬ್ದಾರಿ ಸಿಕ್ಕಿತು. ನನಗೆ ಸಿಕ್ಕಿದ್ದು ಬೇರೆ ಥರದ್ದು. ಪಕ್ಕದ ಮನೆಯವರು ಮಗಳ ವರ್ಗಾವಣೆಗೆ ಒಂದು ಮಾತು ಹೇಳಬೇಕೆಂದರು. "ನಿಮ್ಮದೇ ಸರಕಾರ ಅಲ್ಲವಾ ಟೀಚರ್" ಎಂದು ಕಾಲೇಜಿನ ಕ್ಯಾಂಟೀನಿನವನೂ ಕೇಳತೊಡಗಿದ. ನನ್ನ ಸರಕಾರದಲ್ಲಿ ನನ್ನ ಫೋನ್ ಎತ್ತುವವರು ಯಾರೂ ಇರಲಿಲ್ಲ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ನನ್ನ ದೊಡ್ಡಮ್ಮ ಮಣ್ಣಗುಡ್ಡದ ಒಂದು ಅಡ್ಡರಸ್ತೆಯ ತಿರುವಿನಲ್ಲಿ ಮೀನು ಮಾರುತ್ತಿದ್ದಳು. ಜೊತೆಗೆ ಇನ್ನೂ ಕೆಲವು ಹೆಂಗಸರು. ಹಿಂದಿನ ಸರಕಾರ ಇದ್ದಾಗ ಅವರನ್ನು ಅಲ್ಲಿಂದ ಎಬ್ಬಿಸಲು ನೋಡಿದ್ದರು. ಆಗ ನಾವು ಬರೆದದ್ದನ್ನು ನಮ್ಮ ಕಡೆಯವರೆಲ್ಲ ಹಂಚಿದ್ದರು. ನಮ್ಮ ಅಭ್ಯರ್ಥಿ ಅದರ ಎರಡು ಸಾಲನ್ನು ಭಾಷಣದಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದರು. ಹೆಂಗಸರು ಅಲ್ಲೇ ಉಳಿದಿದ್ದರು.

ನಮ್ಮವರು ಬಂದ ಮೇಲೆ, ಒಂದು ಬೆಳಿಗ್ಗೆ ಪಾಲಿಕೆಯ ಲಾರಿ ಬಂದು ಬುಟ್ಟಿ, ಹಲಗೆ, ಕೊಡೆ ಎಲ್ಲವನ್ನೂ ಹೇರಿಕೊಂಡು ಹೋಯಿತು. ಬಂಗುಡೆ ಮೀನು ಚರಂಡಿಗೆ ಚೆಲ್ಲಿತ್ತು. ಇನ್ನು ದೂರದ ನಂತೂರಿನಲ್ಲಿ ಹಾಕಿಕೊಟ್ಟ ಶೆಡ್ಡಿನಲ್ಲಿ ಮಾರಬೇಕಂತೆ. ದೊಡ್ಡಮ್ಮ ನನ್ನನ್ನು ಕರೆಸಿ, "ನೀನು ಬರೆಯುವುದು ಬೇಡ ಮಗಾ, ನಿನ್ನ ಆ ಗೆಳೆಯನ ಹತ್ತಿರ ಮಾತಾಡು. ನಿಮ್ಮವರದೇ ಅಲ್ಲವಾ ಸರಕಾರ ಈಗ" ಎಂದಳು.

ಗೆಳೆಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜು ಕಳಿಸಿದೆ. ಓದಿದ್ದಾನೆಂದು ಗೊತ್ತಾಯಿತು, ಉತ್ತರವಿಲ್ಲ. ಒಂದು ವಾರ ಕಾದು, ಕಂಡದ್ದನ್ನು ಕಂಡ ಹಾಗೆ ಬರೆದು ಬ್ಲಾಗಿಗೆ ಹಾಕಿದೆ. ಈ ಸಲ ಅವನ ಫೋನೇ ಬಂತು. ಹೋಟೆಲಿಗೆ ಬಾ ಎಂದ.

"ಎಂತ ಮಾರಾಯ್ತಿ ಇದು? ನನಗೊಂದು ಫೋನ್ ಮಾಡಬಹುದಿತ್ತಲ್ಲ."

"ಮಾಡಿದ್ದೆ. ನೀನು ಎತ್ತಲಿಲ್ಲ."

"ಸಾವಿರ ಕೆಲಸ ಉಂಟು ನನಗೆ. ಅದನ್ನು ತೆಗಿ ಈಗ. ಆಚೆ ಪಕ್ಷದವರು ಇದಕ್ಕೇ ಕಾಯ್ತಾ ಇದ್ದಾರೆ."

"ಬರೆದದ್ದರಲ್ಲಿ ಸುಳ್ಳು ಎಂತ ಉಂಟು, ಹೇಳು. ತಿದ್ದುತ್ತೇನೆ."

"ಸುಳ್ಳು ಅಂತ ನಾನು ಹೇಳಿದೆನಾ? ಟೈಮ್ ಸರಿ ಇಲ್ಲ. ಇನ್ನೊಂದು ಚುನಾವಣೆ ಹತ್ತಿರ ಉಂಟು."

"ಅದು ಮುಗಿದರೆ ಮತ್ತೊಂದು ಇರ್ತದೆ."

ಅವನು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಮಾರನೆಯ ದಿನ ಬ್ಲಾಗಿನಿಂದ ತನ್ನ ಹೆಸರು ತೆಗೆಸಿದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ವರ್ಷಗಟ್ಟಲೆ ನನ್ನನ್ನು "ಅಕ್ಕ" ಎಂದು ಕರೆಯುತ್ತಿದ್ದವರೇ ಎಲ್ಲಿಂದ ಎಷ್ಟು ದುಡ್ಡು ಬಂತು ಎಂದು ಕಮೆಂಟಿನಲ್ಲಿ ಕೇಳಿದರು. ವಾಟ್ಸಾಪ್ ಗುಂಪಿನಿಂದ ನನ್ನನ್ನು ಹೊರಹಾಕಿದರು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಹಿಂದೆ ಇದೇ ಹೆಂಗಸರನ್ನು ಎಬ್ಬಿಸಲು ಹೊರಟಿದ್ದ ಆ ಕಡೆಯವರು ನನ್ನ ಲೇಖನವನ್ನು ಹಂಚಿ, ಕೊನೆಗೂ ಬುದ್ಧಿ ಬಂತು ಎಂದು ಮೇಲೆ ಬರೆದುಕೊಂಡರು. ಬೈದವರೂ ಹೊಗಳಿದವರೂ ಇದು ಯಾರಿಗೆ ಲಾಭ ಎಂದಷ್ಟೇ ನೋಡಿದರು. ಚರಂಡಿಗೆ ಬಿದ್ದ ಮೀನಿನ ಬಗ್ಗೆ, ಅದನ್ನು ಕಳೆದುಕೊಂಡವರ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

ಬಸ್ಸು ಹಿಡಿದು ನಂತೂರಿಗೆ ಹೋದೆ. ಹೆದ್ದಾರಿಯ ಬದಿಯಲ್ಲಿ ತಗಡಿನ ಶೆಡ್ಡು. ಲಾರಿಗಳು ಎಬ್ಬಿಸುವ ಧೂಳಿಗೆ ದೊಡ್ಡಮ್ಮ ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದಳು. ಮೀನು ತೊಳೆಯಲು ನೀರಿರಲಿಲ್ಲ. ಮನೆಯಿಂದ ಕ್ಯಾನಿನಲ್ಲಿ ತರುತ್ತಿದ್ದರು.

"ಮಾತಾಡಿದೆಯಾ?" ಎಂದಳು.

"ಮಾತಾಡಿದೆ ದೊಡ್ಡಮ್ಮ."

"ಎಂತ ಹೇಳಿದ?"

ಟೈಮ್ ಸರಿ ಇಲ್ಲವಂತೆ ಎಂದೆ. ಅವಳು ನನ್ನ ಮುಖ ನೋಡಿ, ನೊಣ ಓಡಿಸತೊಡಗಿದಳು. ನೀರಿಲ್ಲದ್ದನ್ನೂ ನಾನು ಬರೆದೆ. ಈ ಸಲ ಬೈಯಲೂ ಯಾರೂ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಒಂದು ನಲ್ಲಿ ಬಂತು. ನಲ್ಲಿ ತಿರುಗಿಸುತ್ತಿರುವ ನಾಯಕರ ಫೋಟೋವನ್ನು ನನ್ನ ಗೆಳೆಯನೇ ಪಕ್ಷದ ಪುಟದಲ್ಲಿ ಹಾಕಿದ್ದ. ಜನರ ದನಿಗೆ ಸ್ಪಂದಿಸುವ ಸರಕಾರ ಎಂದು ಕೆಳಗೆ ಬರೆದಿತ್ತು. ನನ್ನನ್ನು ಬೈದವರೆಲ್ಲ ಅದಕ್ಕೆ ಕೈ ಮುಗಿಯುವ ಚಿತ್ರ ಒತ್ತಿದ್ದರು. ಫೋಟೋದ ಮೂಲೆಯಲ್ಲಿ ದೊಡ್ಡಮ್ಮನ ಅರ್ಧ ಮುಖ ಕಾಣುತ್ತಿತ್ತು. ನಾನು ಕೆಳಗೆ, "ನೀರು ಬಂತು, ಸಂತೋಷ. ಇಲ್ಲಿ ಗಿರಾಕಿಗಳು ಬರುವುದು ಹೇಗೆ?" ಎಂದು ಕೇಳಿದೆ. ಸಂಜೆಯೊಳಗೆ ಆ ಮಾತು ಮಾಯವಾಗಿತ್ತು.

ಈಗ ಆ ಶೆಡ್ಡಿನಲ್ಲಿ ಇಬ್ಬರು ಮಾತ್ರ ಕೂರುತ್ತಾರೆ. ಮೀನಿನ ಬುಟ್ಟಿಯನ್ನು ಕಂಡಕ್ಟರುಗಳು ಬಸ್ಸಿಗೆ ಹತ್ತಿಸುವುದಿಲ್ಲ, ಅಷ್ಟು ದೂರಕ್ಕೆ ರಿಕ್ಷಾ ಬಾಡಿಗೆ ಗಿಟ್ಟುವುದಿಲ್ಲ. ಹಾಗಾಗಿ ದೊಡ್ಡಮ್ಮ ಮೀನಿನ ದೋಣಿ ಬರುವ ಧಕ್ಕೆಯಿಂದ ರಿಕ್ಷಾ ಹಿಡಿದು ಮಣ್ಣಗುಡ್ಡಕ್ಕೇ ಬಂದು, ಹಳೆಯ ಗಿರಾಕಿಗಳ ಗೇಟು ತಟ್ಟುತ್ತಾಳೆ. ಕಾಲು ನೋಯುತ್ತದೆ ಎನ್ನುತ್ತಾಳೆ. ಕಳೆದ ವಾರ ಆಚೆ ಪಕ್ಷದ ಒಬ್ಬರು ಫೋನ್ ಮಾಡಿ, "ಈಚೆಗೆ ನೀವು ಅವರ ವಿರುದ್ಧ ಬರೀತಾ ಇಲ್ವಲ್ಲ ಟೀಚರ್" ಎಂದು ಬೇಸರಪಟ್ಟುಕೊಂಡರು. ಬರೆಯುತ್ತಿದ್ದೇನೆ, ಓದಿ ಎಂದು ಹೇಳಿ ಫೋನ್ ಇಟ್ಟೆ.